ಕರುಳಿನ ಇರುಕಿಗೆ ಎಂಡೋಸ್ಕೋಪಿ ಚಿಕಿತ್ಸೆ

ಕರುಳಿನ ಇರುಕಿಗೆ ಎಂಡೋಸ್ಕೋಪಿ ಚಿಕಿತ್ಸೆ ಎಂಬುದು ದೀರ್ಘಕಾಲದ ಉರಿಯೂತದಿಂದ ಒಳದಾರಿ ಕಿರಿದಾದ ಕರುಳಿನ ಭಾಗವನ್ನು, ಹೊಟ್ಟೆಯನ್ನು ಕೊಯ್ಯದೆ, ಗುದದ್ವಾರದ ಅಥವಾ ಬಾಯಿಯ ಮೂಲಕ ಒಳಗೆ ಸಾಗಿಸಿದ ಬಾಗುವ ನಳಿಕೆಯ ನೆರವಿನಿಂದ ಅಗಲಗೊಳಿಸುವ ವಿಧಾನವಾಗಿದೆ. ಹೀಗೆ ಕಿರಿದಾದ ಭಾಗವನ್ನು ವೈದ್ಯರು ಸ್ಟ್ರಿಕ್ಚರ್ ಎನ್ನುತ್ತಾರೆ. ಈ ಲೇಖನದಲ್ಲಿ ಅದನ್ನು ‘ಇರುಕು’ ಎಂದು ಕರೆಯಲಾಗಿದೆ. ಉರಿಯೂತದ ಕರುಳಿನ ಕಾಯಿಲೆಗಳಲ್ಲಿ, ವಿಶೇಷವಾಗಿ ಕ್ರೋನ್ಸ್ ಕಾಯಿಲೆಯಲ್ಲಿ, ಈ ಚಿಕಿತ್ಸೆ ಹೆಚ್ಚಾಗಿ ಬಳಕೆಯಲ್ಲಿದೆ. ಇದರ ಮುಖ್ಯ ರೂಪ ಬಲೂನಿನಿಂದ ಹಿಗ್ಗಿಸುವುದು. ಇರುಕನ್ನು ಸೂಕ್ಷ್ಮ ಚಾಕುವಿನಿಂದ ಸೀಳುವುದು ಮತ್ತು ಲೋಹದ ಬಲೆಯ ಕೊಳವೆಯನ್ನು ತಾತ್ಕಾಲಿಕವಾಗಿ ಇರಿಸುವುದು ಇತರ ರೂಪಗಳು.

ಈ ಚಿಕಿತ್ಸೆಯು ದಾರಿಯನ್ನು ತೆರೆಯುತ್ತದೆಯೇ ಹೊರತು ಮೂಲ ಕಾಯಿಲೆಯನ್ನು ಗುಣಪಡಿಸುವುದಿಲ್ಲ. ಆದುದರಿಂದ ಯಾವ ಇರುಕನ್ನು ಹಿಗ್ಗಿಸಬಹುದು, ಯಾವುದನ್ನು ಹಿಗ್ಗಿಸಬಾರದು ಎಂಬ ತೀರ್ಮಾನವು ಹಿಗ್ಗಿಸುವ ಕೌಶಲದಷ್ಟೇ ಮುಖ್ಯವಾದುದು. ಕ್ಷಯರೋಗವು ಇನ್ನೂ ವ್ಯಾಪಕವಾಗಿರುವ ಭಾರತದಲ್ಲಿ, ಇರುಕು ಕ್ರೋನ್ಸ್ ಕಾಯಿಲೆಯದೋ ಕರುಳಿನ ಕ್ಷಯದ್ದೋ ಎಂಬ ಪ್ರಶ್ನೆಯು ಎಲ್ಲಕ್ಕಿಂತ ಮೊದಲು ಬರುತ್ತದೆ.

ಹಿನ್ನೆಲೆ

ಉರಿಯೂತದ ಕರುಳಿನ ಕಾಯಿಲೆ ಎಂಬ ಹೆಸರಿನಡಿ ಮುಖ್ಯವಾಗಿ ಎರಡು ರೋಗಗಳು ಬರುತ್ತವೆ. ಅಲ್ಸರೇಟಿವ್ ಕೊಲೈಟಿಸ್ ದೊಡ್ಡ ಕರುಳಿಗೆ ಸೀಮಿತವಾಗಿದ್ದು, ಕರುಳಿನ ಒಳಪೊರೆಯನ್ನು ಬಾಧಿಸುತ್ತದೆ. ಕ್ರೋನ್ಸ್ ಕಾಯಿಲೆಯು ಬಾಯಿಯಿಂದ ಗುದದ್ವಾರದವರೆಗೆ ಅನ್ನನಾಳದ ಯಾವ ಭಾಗದಲ್ಲಾದರೂ ಕಾಣಿಸಿಕೊಳ್ಳಬಹುದು ಮತ್ತು ಕರುಳಿನ ಗೋಡೆಯ ಪೂರ್ಣ ದಪ್ಪವನ್ನು ಆಕ್ರಮಿಸಬಲ್ಲದು. ಸಣ್ಣ ಕರುಳಿನ ಕೊನೆಯ ಭಾಗ ಮತ್ತು ಅದು ದೊಡ್ಡ ಕರುಳನ್ನು ಸೇರುವ ಸಂಧಿ ಇದರ ಸಾಮಾನ್ಯ ನೆಲೆಗಳು. ಎರಡು ರೋಗಗಳಿಗೂ ನಿಖರವಾದ ಒಂದೇ ಕಾರಣವಿಲ್ಲ. ಆನುವಂಶಿಕ ಒಲವು, ಕರುಳಿನ ಸೂಕ್ಷ್ಮಜೀವಿಗಳ ಸಮತೋಲನ, ಪರಿಸರ ಮತ್ತು ದೇಹದ ರಕ್ಷಣಾ ವ್ಯವಸ್ಥೆಯ ಅತಿಪ್ರತಿಕ್ರಿಯೆ ಒಟ್ಟಾಗಿ ಕೆಲಸ ಮಾಡುತ್ತವೆ. ಧೂಮಪಾನವು ಕ್ರೋನ್ಸ್ ಕಾಯಿಲೆಯ ಅಪಾಯವನ್ನೂ ಶಸ್ತ್ರಚಿಕಿತ್ಸೆಯ ನಂತರ ಅದು ಮರುಕಳಿಸುವ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ.

2005ರ ಮಾಂಟ್ರಿಯಲ್ ವರ್ಗೀಕರಣವು ಕ್ರೋನ್ಸ್ ಕಾಯಿಲೆಯ ನಡವಳಿಕೆಯನ್ನು ಮೂರಾಗಿ ವಿಂಗಡಿಸುತ್ತದೆ: ಕೇವಲ ಉರಿಯೂತವಿರುವುದು, ಇರುಕು ಉಂಟುಮಾಡುವುದು, ಹಾಗೂ ಗೋಡೆಯನ್ನು ತೂರಿಹೋಗಿ ಕೀವುಗೂಡು ಅಥವಾ ಅಕ್ಕಪಕ್ಕದ ಅಂಗಗಳಿಗೆ ಅಸಹಜ ನಾಳವನ್ನು ಮಾಡುವುದು. ಕ್ರೋನ್ಸ್ ಕಾಯಿಲೆಯುಳ್ಳವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮಂದಿಗೆ ಕಾಲಕ್ರಮದಲ್ಲಿ ಇರುಕು ಕಾಣಿಸಿಕೊಳ್ಳುತ್ತದೆ.

ಇರುಕು ಉಂಟಾಗುವ ಬಗೆ

ಗಾಯವಾದ ಚರ್ಮ ಮಾಯುವಾಗ ಗಟ್ಟಿಯಾದ ಕಲೆ ಉಳಿಯುವಂತೆ, ಪದೇ ಪದೇ ಹುಣ್ಣಾಗಿ ಮಾಯುವ ಕರುಳಿನ ಗೋಡೆಯಲ್ಲಿಯೂ ಕಲೆಯ ಅಂಗಾಂಶ ಬೆಳೆಯುತ್ತದೆ. ಉರಿಯೂತದ ಸಂಕೇತಗಳಿಂದ ಪ್ರಚೋದಿತವಾದ ಜೀವಕೋಶಗಳು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನನ್ನು ಅಗತ್ಯಕ್ಕಿಂತ ಹೆಚ್ಚಾಗಿ ಉತ್ಪಾದಿಸುತ್ತವೆ, ಗೋಡೆಯ ಸ್ನಾಯುಪದರವೂ ದಪ್ಪವಾಗುತ್ತದೆ. ಹಿಗ್ಗಿ ಕುಗ್ಗಬೇಕಾದ ಮೃದುವಾದ ಕೊಳವೆ ಬಿಗಿಯಾದ ಉಂಗುರವಾಗಿ ಮಾರ್ಪಡುತ್ತದೆ.

ಇರುಕಿನಲ್ಲಿ ಎರಡು ಅಂಶಗಳು ಬೆರೆತಿರುತ್ತವೆ. ಒಂದು, ಸದ್ಯದ ಉರಿಯೂತದಿಂದ ಉಂಟಾದ ಊತ. ಇದು ಔಷಧದಿಂದ ಇಳಿಯಬಲ್ಲದು. ಇನ್ನೊಂದು, ಹಳೆಯ ಕಲೆಯ ನಾರುಗಟ್ಟುವಿಕೆ. ಇದನ್ನು ಕರಗಿಸುವ ಔಷಧ ಇಂದಿಗೂ ಲಭ್ಯವಿಲ್ಲ. ಹೆಚ್ಚಿನ ರೋಗಿಗಳಲ್ಲಿ ಎರಡೂ ಒಟ್ಟಿಗೆ ಇರುತ್ತವೆ. ಯಾವುದರ ಪಾಲು ಹೆಚ್ಚು ಎಂಬುದರ ಮೇಲೆ ಚಿಕಿತ್ಸೆಯ ಆಯ್ಕೆ ನಿಲ್ಲುತ್ತದೆ.

ಹಿಂದೆ ಕರುಳಿನ ಭಾಗವೊಂದನ್ನು ಕತ್ತರಿಸಿ ತುದಿಗಳನ್ನು ಹೊಲಿದಿದ್ದರೆ, ಆ ಜೋಡಣೆಯ ಸ್ಥಳದಲ್ಲಿಯೂ ಮತ್ತೆ ಇರುಕು ಉಂಟಾಗುವುದು ಸಾಮಾನ್ಯ. ಅದು ಚಿಕ್ಕದಾಗಿ, ನೇರವಾಗಿ, ನಳಿಕೆಗೆ ಎಟಕುವಂತಿರುವುದರಿಂದ ಬಲೂನು ಚಿಕಿತ್ಸೆಗೆ ಚೆನ್ನಾಗಿ ಒಪ್ಪುತ್ತದೆ.

ಲಕ್ಷಣಗಳು

ಊಟವಾದ ಅರ್ಧ ಗಂಟೆ ಅಥವಾ ಒಂದೆರಡು ಗಂಟೆಗಳ ಬಳಿಕ ಹೊಕ್ಕುಳ ಸುತ್ತ ಅಥವಾ ಬಲ ಕೆಳಹೊಟ್ಟೆಯಲ್ಲಿ ಹಿಂಡಿದಂತಹ ನೋವು ಬಂದು ಹೋಗುವುದು ಪ್ರಧಾನ ಲಕ್ಷಣ. ಹೊಟ್ಟೆ ಉಬ್ಬರ, ಕರುಳಿನಲ್ಲಿ ಗುಡುಗುಟ್ಟುವ ಸದ್ದು, ವಾಕರಿಕೆ, ವಾಂತಿ ಇದರೊಂದಿಗೆ ಸೇರುತ್ತವೆ. ನೋವಿನ ಹೆದರಿಕೆಯಿಂದ ರೋಗಿ ಊಟವನ್ನೇ ಕಡಿಮೆ ಮಾಡುತ್ತಾನೆ. ತೂಕ ಇಳಿಯುತ್ತದೆ, ರಕ್ತಹೀನತೆ ಉಂಟಾಗುತ್ತದೆ. ಗ್ಯಾಸ್ಟ್ರಿಕ್ ತೊಂದರೆಯೆಂದು ಭಾವಿಸಿ ತಿಂಗಳುಗಟ್ಟಲೆ ಆಮ್ಲಶಮನ ಮಾತ್ರೆಗಳನ್ನು ನುಂಗುವುದರಿಂದ ರೋಗನಿರ್ಣಯ ತಡವಾಗುತ್ತದೆ.

ವಾಯು ಮತ್ತು ಮಲ ಎರಡೂ ಸಂಪೂರ್ಣವಾಗಿ ನಿಂತು, ಹೊಟ್ಟೆ ಬಿಗಿದು, ಹಸಿರು ಅಥವಾ ಮಲದ ವಾಸನೆಯುಳ್ಳ ವಾಂತಿ ಆಗತೊಡಗಿದರೆ ಅದು ಕರುಳು ಕಟ್ಟಿರುವ ಸೂಚನೆ. ಇದು ತುರ್ತು ಸ್ಥಿತಿ. ಅಂತಹ ರೋಗಿಗೆ ಮನೆಯಲ್ಲಿ ಭೇದಿ ಮಾತ್ರೆ ಅಥವಾ ಹರಳೆಣ್ಣೆ ಕೊಡುವುದು ಅಪಾಯಕರ. ಮುಚ್ಚಿದ ದಾರಿಯ ಹಿಂದೆ ಒತ್ತಡ ಹೆಚ್ಚಿ ಕರುಳು ಒಡೆಯಬಹುದು.

ಕ್ಷಯವೋ, ಕ್ರೋನ್ಸ್ ಕಾಯಿಲೆಯೋ

ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯಂತೆಯೇ ಸಣ್ಣ ಕರುಳಿನ ಕೊನೆ ಮತ್ತು ದೊಡ್ಡ ಕರುಳಿನ ಆರಂಭದ ಸಂಧಿಯನ್ನೇ ಹೆಚ್ಚಾಗಿ ಹಿಡಿಯುತ್ತದೆ. ನೋವು, ಜ್ವರ, ತೂಕ ಇಳಿಯುವುದು, ಹುಣ್ಣು, ಇರುಕು ಎರಡರಲ್ಲಿಯೂ ಇವೆ. ಸೂಕ್ಷ್ಮದರ್ಶಕದಲ್ಲಿ ಗ್ರಾನುಲೋಮ ಎಂಬ ಜೀವಕೋಶಗಳ ಗುಂಪುಗಳು ಎರಡರಲ್ಲಿಯೂ ಕಾಣಬಹುದು. ಆದರೆ ಚಿಕಿತ್ಸೆ ಪರಸ್ಪರ ವಿರುದ್ಧ. ಕ್ಷಯವನ್ನು ಕ್ರೋನ್ಸ್ ಎಂದು ತಿಳಿದು ಸ್ಟಿರಾಯ್ಡ್ ಅಥವಾ ರಕ್ಷಣಾ ವ್ಯವಸ್ಥೆಯನ್ನು ಕುಗ್ಗಿಸುವ ಔಷಧ ಕೊಟ್ಟರೆ ಕ್ಷಯ ದೇಹವಿಡೀ ಹರಡಬಹುದು. ಕ್ರೋನ್ಸನ್ನು ಕ್ಷಯವೆಂದು ತಿಳಿದು ತಿಂಗಳುಗಟ್ಟಲೆ ಕ್ಷಯದ ಮಾತ್ರೆ ಕೊಟ್ಟರೆ, ಆ ಅವಧಿಯಲ್ಲಿ ಉರಿಯೂತ ಮುಂದುವರಿದು ಊತವು ಕಲೆಯಾಗಿ ಗಟ್ಟಿಗೊಳ್ಳುತ್ತದೆ. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ತಂಡ 2020ರಲ್ಲಿ ಪ್ರಕಟಿಸಿದ ಅಧ್ಯಯನವು ಹೀಗೆ ಕ್ಷಯದ ಮಾತ್ರೆ ಪಡೆದ ಕ್ರೋನ್ಸ್ ರೋಗಿಗಳಲ್ಲಿ ಇರುಕು ಉಂಟಾಗುವ ಒಲವು ಹೆಚ್ಚೆಂದು ತೋರಿಸಿತು.

ಭಾರತದಲ್ಲಿ ಬಹುಕಾಲ ಕ್ರೋನ್ಸ್ ಕಾಯಿಲೆಯನ್ನು ಪಾಶ್ಚಾತ್ಯರ ರೋಗವೆಂದೂ ಇಲ್ಲಿ ಅಪರೂಪವೆಂದೂ ತಿಳಿಯಲಾಗಿತ್ತು. ಮಣಿಪಾಲದಿಂದ ಸಿ. ಗಣೇಶ ಪೈ ಮತ್ತು ಖಂಡಿಗೆ ಅವರು 2000ರಲ್ಲಿ ಇಂಡಿಯನ್ ಜರ್ನಲ್ ಆಫ್ ಗ್ಯಾಸ್ಟ್ರೋಎಂಟರಾಲಜಿಯಲ್ಲಿ ಬರೆದ ಲೇಖನದ ಶೀರ್ಷಿಕೆಯೇ ಭಾರತದಲ್ಲಿ ಕ್ರೋನ್ಸ್ ಕಾಯಿಲೆ ಅಪರೂಪವೇ ಎಂಬ ಪ್ರಶ್ನೆಯಾಗಿತ್ತು. ಅದಕ್ಕೆ ಒಂದು ವರ್ಷ ಮೊದಲು, 1999ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನ ಅನ್ನಾ ಪುಲಿಮೂಡ್ ಮತ್ತು ಸಂಗಡಿಗರು, ಎಂಡೋಸ್ಕೋಪಿಯಲ್ಲಿ ತೆಗೆದ ಚಿಕ್ಕ ಅಂಗಾಂಶದ ತುಣುಕುಗಳಿಂದಲೇ ಎರಡು ರೋಗಗಳನ್ನು ಪ್ರತ್ಯೇಕಿಸಲು ನೆರವಾಗುವ ಗುರುತುಗಳನ್ನು ವಿವರಿಸಿದರು. ಕ್ಷಯದಲ್ಲಿ ಗ್ರಾನುಲೋಮಗಳು ದೊಡ್ಡವಾಗಿ, ಹಲವಾಗಿ, ಒಂದಕ್ಕೊಂದು ಕೂಡಿಕೊಂಡಿರುತ್ತವೆ, ನಡುವೆ ಗಿಣ್ಣಿನಂತೆ ಸತ್ತ ಅಂಗಾಂಶವಿರಬಹುದು. ಕ್ರೋನ್ಸ್‌ನಲ್ಲಿ ಅವು ಚಿಕ್ಕವು, ವಿರಳ ಮತ್ತು ಬಿಡಿಬಿಡಿ.

ಅಂಗಾಂಶದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಸಿಕ್ಕರೆ ಸಂದೇಹ ಉಳಿಯುವುದಿಲ್ಲ. ಜೀನ್‌ಎಕ್ಸ್‌ಪರ್ಟ್ ಪರೀಕ್ಷೆ ಮತ್ತು ಬ್ಯಾಕ್ಟೀರಿಯಾವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಗಳನ್ನು ಇದಕ್ಕಾಗಿ ಮಾಡಲಾಗುತ್ತದೆ. ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ಸಂಖ್ಯೆ ಕಡಿಮೆ ಇರುವುದರಿಂದ ಪರೀಕ್ಷೆಯಲ್ಲಿ ಸಿಗದ ಮಾತ್ರಕ್ಕೆ ಕ್ಷಯವಿಲ್ಲವೆಂದು ಹೇಳಲಾಗದು. ಸಂದೇಹ ಉಳಿದಾಗ ಭಾರತದಲ್ಲಿ ಕ್ಷಯದ ಔಷಧಗಳನ್ನು ಮೊದಲು ಕೊಟ್ಟು ನೋಡುವ ಕ್ರಮವಿದೆ. ಕ್ಷಯವಾಗಿದ್ದರೆ ಸುಮಾರು ಎರಡು ತಿಂಗಳಲ್ಲಿ ಕೊಲೊನೋಸ್ಕೋಪಿಯಲ್ಲಿ ಹುಣ್ಣುಗಳು ಮಾಯುತ್ತಿರುವುದು ಕಾಣಬೇಕು. ಕಾಣದಿದ್ದರೆ ರೋಗನಿರ್ಣಯವನ್ನು ಪುನಃ ಪರಿಶೀಲಿಸಬೇಕು. ನೋವು ಸ್ವಲ್ಪ ಕಡಿಮೆಯಾಯಿತೆಂಬುದಷ್ಟನ್ನೇ ನಂಬಿ ಕಾಯುವುದು ಸರಿಯಲ್ಲ.

ಕ್ಷಯವು ಗುಣವಾದ ಮೇಲೆಯೂ ಇರುಕು ಉಳಿಯಬಹುದು. ಕ್ಷಯದಿಂದಾದ ಇರುಕುಗಳಲ್ಲಿ ಕಾಲು ಭಾಗದಷ್ಟು ಮಾತ್ರ ಔಷಧದಿಂದ ಸಂಪೂರ್ಣ ಸರಿಹೋದವೆಂದು ದೆಹಲಿಯ ಅದೇ ಸಂಸ್ಥೆಯ 2017ರ ವರದಿ ತಿಳಿಸುತ್ತದೆ. ಹೀಗೆ ಉಳಿದು, ತೊಂದರೆ ಕೊಡುವ ಚಿಕ್ಕ ಇರುಕುಗಳನ್ನೂ ಬಲೂನಿನಿಂದ ಹಿಗ್ಗಿಸಲಾಗುತ್ತದೆ.

ಪರೀಕ್ಷೆಗಳು

ಹಿಗ್ಗಿಸುವ ಮೊದಲು ಇರುಕುಗಳು ಎಲ್ಲಿವೆ, ಎಷ್ಟಿವೆ, ಎಷ್ಟು ಉದ್ದ, ಸುತ್ತಲಿನ ಭಾಗ ಹೇಗಿದೆ ಎಂಬುದನ್ನು ತಿಳಿಯಬೇಕು. ಇದಕ್ಕೆ ಕರುಳಿನೊಳಗೆ ದ್ರವ ತುಂಬಿಸಿ ತೆಗೆಯುವ ಸಿ.ಟಿ. ಅಥವಾ ಎಂ.ಆರ್.ಐ. ಎಂಟರೋಗ್ರಫಿ ಉಪಯುಕ್ತ. ಇರುಕಿನ ಹಿಂದಿನ ಕರುಳು 3 ಸೆಂಟಿಮೀಟರಿಗಿಂತ ಹೆಚ್ಚು ಉಬ್ಬಿದ್ದರೆ ಅಡಚಣೆ ಗಮನಾರ್ಹವೆಂದು ಪರಿಗಣಿಸಲಾಗುತ್ತದೆ. ಎಂ.ಆರ್.ಐ.ಯಲ್ಲಿ ವಿಕಿರಣವಿಲ್ಲದ ಕಾರಣ ಪದೇ ಪದೇ ಪರೀಕ್ಷೆ ಬೇಕಾಗುವ ಯುವ ರೋಗಿಗಳಿಗೆ ಅದು ಮೇಲು. ಅನುಭವವಿರುವ ಕಡೆ ಹೊಟ್ಟೆಯ ಅಲ್ಟ್ರಾಸೌಂಡ್‌ನಿಂದಲೂ ಗೋಡೆಯ ದಪ್ಪ ಮತ್ತು ಊತವನ್ನು ಅಳೆಯಬಹುದು. ಮಲದಲ್ಲಿನ ಕ್ಯಾಲ್‌ಪ್ರೊಟೆಕ್ಟಿನ್ ಮತ್ತು ರಕ್ತದಲ್ಲಿನ ಸಿ-ರಿಯಾಕ್ಟಿವ್ ಪ್ರೋಟೀನ್ ಉರಿಯೂತ ಎಷ್ಟು ಸಕ್ರಿಯವಾಗಿದೆ ಎಂಬುದನ್ನು ಸೂಚಿಸುತ್ತವೆ.

ಕ್ಯಾಮೆರಾ ಇರುವ ಕ್ಯಾಪ್ಸೂಲನ್ನು ನುಂಗಿಸುವ ಪರೀಕ್ಷೆಯನ್ನು ಇರುಕಿನ ಸಂಶಯವಿರುವವರಲ್ಲಿ ನೇರವಾಗಿ ಮಾಡುವುದಿಲ್ಲ. ಕ್ಯಾಪ್ಸೂಲೇ ಅಲ್ಲಿ ಸಿಕ್ಕಿಕೊಳ್ಳಬಹುದು.

ಕೊಲೊನೋಸ್ಕೋಪಿಯಲ್ಲಿ ಇರುಕಿನ ಅಂಚಿನಿಂದ ತುಣುಕುಗಳನ್ನು ತೆಗೆದು ಕ್ಷಯ ಮತ್ತು ಕ್ಯಾನ್ಸರಿಗಾಗಿ ಪರೀಕ್ಷಿಸಲಾಗುತ್ತದೆ. ಅಲ್ಸರೇಟಿವ್ ಕೊಲೈಟಿಸ್‌ನಲ್ಲಿ ಇರುಕು ಕಾಣಿಸಿಕೊಂಡರೆ, ಅಲ್ಲವೆಂದು ಸಿದ್ಧವಾಗುವವರೆಗೆ ಅದನ್ನು ಕ್ಯಾನ್ಸರ್ ಎಂದೇ ಶಂಕಿಸಬೇಕೆಂಬುದು ಅಂಗೀಕೃತ ನಿಯಮ.

ಯಾರಿಗೆ ಸೂಕ್ತ, ಯಾರಿಗಲ್ಲ

ಬಲೂನು ಚಿಕಿತ್ಸೆಗೆ ಸೂಕ್ತವಾದ ಇರುಕು 5 ಸೆಂಟಿಮೀಟರಿಗಿಂತ ಚಿಕ್ಕದಾಗಿ, ನೇರವಾಗಿ, ನಳಿಕೆಗೆ ಎಟಕುವಂತಿರಬೇಕು ಮತ್ತು ರೋಗಿಗೆ ಅದರಿಂದ ತೊಂದರೆಯಿರಬೇಕು. ಯಾವ ತೊಂದರೆಯನ್ನೂ ಕೊಡದ ಇರುಕನ್ನು ಕೇವಲ ಕಂಡಿತೆಂಬ ಕಾರಣಕ್ಕೆ ಹಿಗ್ಗಿಸಬೇಕೇ ಎಂಬುದರಲ್ಲಿ ಒಮ್ಮತವಿಲ್ಲ.

ಕೆಳಗಿನ ಸ್ಥಿತಿಗಳಲ್ಲಿ ಹಿಗ್ಗಿಸುವುದನ್ನು ಕೈಬಿಡಲಾಗುತ್ತದೆ:

• ಇರುಕಿನ ಬಳಿ ಕೀವುಗೂಡು ಅಥವಾ ಅಸಹಜ ನಾಳ ಇರುವುದು.
• ಕ್ಯಾನ್ಸರ್ ಇರುವುದು ಅಥವಾ ಅದರ ಬಲವಾದ ಸಂಶಯ.
• ಕರುಳು ಸಂಪೂರ್ಣವಾಗಿ ಕಟ್ಟಿರುವುದು ಅಥವಾ ಒಡೆದಿರುವುದು.
• ಇರುಕು ತೀರ ಉದ್ದವಾಗಿರುವುದು, ಕೊಕ್ಕೆಯಂತೆ ಬಾಗಿರುವುದು, ಇಲ್ಲವೆ ಒಂದರ ಹಿಂದೊಂದು ಅನೇಕ ಇರುಕುಗಳಿರುವುದು.

ಬಲೂನಿನಿಂದ ಹಿಗ್ಗಿಸುವ ವಿಧಾನ

ಪೂರ್ವಸಿದ್ಧತೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ಸೇವಿಸುವವರು ಅದನ್ನು ಮೊದಲೇ ತಿಳಿಸಬೇಕು. ಕರುಳನ್ನು ಶುಚಿಗೊಳಿಸುವ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣವನ್ನು, ಇರುಕು ಬಿಗಿಯಾಗಿದ್ದಲ್ಲಿ, ನಿಧಾನವಾಗಿ ಮತ್ತು ವೈದ್ಯರ ನಿಗಾದಲ್ಲಿ ಕುಡಿಸಲಾಗುತ್ತದೆ. ತೊಡಕು ಉಂಟಾದರೆ ಕೂಡಲೇ ಶಸ್ತ್ರಚಿಕಿತ್ಸೆ ಮಾಡಬಲ್ಲ ವ್ಯವಸ್ಥೆ ಅದೇ ಆಸ್ಪತ್ರೆಯಲ್ಲಿ ಇರಬೇಕು.

ಕ್ರಮ. ರೋಗಿಗೆ ನಿದ್ರೆ ಬರಿಸುವ ಔಷಧ ಅಥವಾ ಅರಿವಳಿಕೆ ಕೊಟ್ಟು ಕೊಲೊನೋಸ್ಕೋಪನ್ನು ಇರುಕಿನವರೆಗೆ ಸಾಗಿಸಲಾಗುತ್ತದೆ. ಕರುಳನ್ನು ಅರಳಿಸಲು ಗಾಳಿಯ ಬದಲು ಬೇಗ ಹೀರಲ್ಪಡುವ ಇಂಗಾಲದ ಡೈಆಕ್ಸೈಡನ್ನು ಬಳಸುವುದು ಮೇಲು. ನಳಿಕೆಯೊಳಗಿನ ಕಿರುದಾರಿಯ ಮೂಲಕ, ಮಡಚಿದ ಬಲೂನನ್ನು ಹೊತ್ತ ತೆಳು ತಂತಿಯನ್ನು ಮುಂದಕ್ಕೆ ತಳ್ಳಿ, ಬಲೂನಿನ ನಡುಭಾಗವು ಇರುಕಿನ ನಡುವೆ ಕೂರುವಂತೆ ಇರಿಸಲಾಗುತ್ತದೆ. ಬಳಿಕ ಒತ್ತಡಮಾಪಕವಿರುವ ಪಂಪಿನಿಂದ ಬಲೂನಿಗೆ ನೀರು ಅಥವಾ ಎಕ್ಸ್-ರೇಯಲ್ಲಿ ಕಾಣುವ ದ್ರವವನ್ನು ತುಂಬಲಾಗುತ್ತದೆ. ಒಂದೇ ಬಲೂನು ಒತ್ತಡ ಹೆಚ್ಚಿಸಿದಂತೆ ಮೂರು ಅಳತೆಗಳಿಗೆ ಹಿಗ್ಗುವಂತೆ ತಯಾರಾಗಿರುತ್ತದೆ; ಉದಾಹರಣೆಗೆ 12, 13.5 ಮತ್ತು 15 ಮಿಲಿಮೀಟರ್, ಅಥವಾ 18, 19 ಮತ್ತು 20 ಮಿಲಿಮೀಟರ್. ಪ್ರತಿ ಹಂತದಲ್ಲಿ ಅರ್ಧ ನಿಮಿಷದಿಂದ ಎರಡು ನಿಮಿಷದವರೆಗೆ ತಡೆದು ನಿಲ್ಲಿಸಲಾಗುತ್ತದೆ. ಸಾಮಾನ್ಯವಾಗಿ ಕೊನೆಯ ಗುರಿ 18ರಿಂದ 20 ಮಿಲಿಮೀಟರ್. ತೀರ ಬಿಗಿಯಾದ ಇರುಕನ್ನು ಒಂದೇ ಬಾರಿಗೆ ಅಷ್ಟಕ್ಕೆ ಒಯ್ಯದೆ, ಕೆಲವು ವಾರಗಳ ಅಂತರದಲ್ಲಿ ಹಂತಹಂತವಾಗಿ ಹಿಗ್ಗಿಸುತ್ತಾರೆ. ಹಿಗ್ಗಿಸಿದ ಮೇಲೆ ನಳಿಕೆ ಇರುಕನ್ನು ದಾಟಿ ಹೋದರೆ ತಾಂತ್ರಿಕವಾಗಿ ಯಶಸ್ವಿಯೆಂದು ಎಣಿಸಲಾಗುತ್ತದೆ.

ಕೊಲೊನೋಸ್ಕೋಪಿಗೆ ಎಟಕದ ಸಣ್ಣ ಕರುಳಿನ ನಡುಭಾಗವನ್ನು ತಲುಪಲು, ಜಪಾನಿನ ಹಿರೊನೊರಿ ಯಮಾಮೊಟೊ 2001ರಲ್ಲಿ ವರದಿ ಮಾಡಿದ ಜೋಡಿ ಬಲೂನಿನ ಎಂಟರೋಸ್ಕೋಪಿ ನೆರವಾಗುತ್ತದೆ. ಇಲ್ಲಿ ಬಲೂನುಗಳ ಕೆಲಸ ಬೇರೆ: ಅವು ಕರುಳನ್ನು ಹಿಡಿದು ಅಂಗಿಯ ತೋಳಿನಂತೆ ನಳಿಕೆಯ ಮೇಲೆ ಸೇರಿಸುತ್ತಾ ಮುಂದೆ ಸಾಗಲು ಸಹಾಯ ಮಾಡುತ್ತವೆ. ಇರುಕನ್ನು ತಲುಪಿದ ಬಳಿಕ ಹಿಗ್ಗಿಸುವ ಬಲೂನನ್ನು ಪ್ರತ್ಯೇಕವಾಗಿ ಬಳಸಲಾಗುತ್ತದೆ.

ಫಲಿತಾಂಶ. 33 ಅಧ್ಯಯನಗಳ 1,463 ಕ್ರೋನ್ಸ್ ರೋಗಿಗಳಲ್ಲಿ ನಡೆದ 3,213 ಹಿಗ್ಗಿಸುವಿಕೆಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯೊಂದರಲ್ಲಿ ತಾಂತ್ರಿಕ ಯಶಸ್ಸು ಶೇ. 89.1, ರೋಗಿಗೆ ಉಪಶಮನ ಶೇ. 80.8 ಮತ್ತು ಗಂಭೀರ ತೊಡಕು ಶೇ. 2.8 ಎಂದು ಕಂಡುಬಂದಿತು. ಇವು ಭರವಸೆಯ ಅಂಕಿಗಳು. ಆದರೆ ಅದೇ ವಿಶ್ಲೇಷಣೆಯ ಪ್ರಕಾರ ಎರಡು ವರ್ಷಗಳೊಳಗೆ ಶೇ. 73.5ರಷ್ಟು ಮಂದಿಗೆ ಮತ್ತೊಮ್ಮೆ ಹಿಗ್ಗಿಸಬೇಕಾಯಿತು, ಶೇ. 42.9ರಷ್ಟು ಮಂದಿಗೆ ಶಸ್ತ್ರಚಿಕಿತ್ಸೆ ಬೇಕಾಯಿತು. ಇರುಕಿನ ಉದ್ದ ಒಂದೊಂದು ಸೆಂಟಿಮೀಟರ್ ಹೆಚ್ಚಿದಂತೆ ಶಸ್ತ್ರಚಿಕಿತ್ಸೆಯ ಸಂಭವ ಶೇ. 8ರಷ್ಟು ಏರಿತು. ಎಂದರೆ ಈ ಚಿಕಿತ್ಸೆ ಅನೇಕರಿಗೆ ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತದೆ, ಕೆಲವರಿಗೆ ತಪ್ಪಿಸುತ್ತದೆ. ಒಂದೇ ಸಲಕ್ಕೆ ಮುಗಿಯುವ ಕೆಲಸವೆಂದು ರೋಗಿ ನಿರೀಕ್ಷಿಸಬಾರದು.

ತೊಡಕುಗಳು. ಕರುಳು ಹರಿದು ರಂಧ್ರವಾಗುವುದು ಮತ್ತು ರಕ್ತಸ್ರಾವ ಮುಖ್ಯ ತೊಡಕುಗಳು. ಹಿಗ್ಗಿಸಿದ ಬಳಿಕ ಕೆಲವು ಗಂಟೆಗಳ ಕಾಲ ರೋಗಿಯನ್ನು ಆಸ್ಪತ್ರೆಯಲ್ಲಿಯೇ ಗಮನಿಸಲಾಗುತ್ತದೆ. ಮನೆಗೆ ಹೋದ ಮೇಲೆ ಹೊಟ್ಟೆನೋವು ಏರುತ್ತಾ ಹೋಗುವುದು, ಹೊಟ್ಟೆ ಗಟ್ಟಿಯಾಗುವುದು, ಜ್ವರ, ಮಲದಲ್ಲಿ ಹೆಚ್ಚು ರಕ್ತ ಕಂಡುಬಂದರೆ ತಡಮಾಡದೆ ಹಿಂದಿರುಗಬೇಕು.

ಇತರ ಎಂಡೋಸ್ಕೋಪಿ ವಿಧಾನಗಳು

ಸೀಳುವಿಕೆ. ವಿದ್ಯುತ್ತಿನಿಂದ ಕಾಯುವ ಸೂಜಿಯಂತಹ ಅಥವಾ ತುದಿಯಲ್ಲಿ ಪಿಂಗಾಣಿ ಗುಂಡು ಇರುವ ಚಾಕುವಿನಿಂದ ಇರುಕಿನ ಕಲೆಯನ್ನು ನೇರವಾಗಿ ನೋಡುತ್ತಾ ಕತ್ತರಿಸುವ ಕ್ರಮವಿದು. ಅಮೆರಿಕದಲ್ಲಿ ಬೋ ಶೆನ್ ಮತ್ತು ಸಂಗಡಿಗರು ಇದನ್ನು ಬೆಳೆಸಿದರು. ಬಲೂನು ಎಲ್ಲ ದಿಕ್ಕಿಗೂ ಒಂದೇ ಒತ್ತಡ ಹಾಕುತ್ತದೆ, ಗೋಡೆ ದುರ್ಬಲವಿರುವಲ್ಲಿ ಹರಿಯುತ್ತದೆ. ಚಾಕು ವೈದ್ಯರು ಆರಿಸಿದ ಸ್ಥಳದಲ್ಲಿ, ಆರಿಸಿದ ಆಳಕ್ಕೆ ಕತ್ತರಿಸುತ್ತದೆ. ರಂಧ್ರದ ಅಪಾಯ ಇದರಲ್ಲಿ ಕಡಿಮೆ, ರಕ್ತಸ್ರಾವದ ಸಂಭವ ಹೆಚ್ಚು. ವಿಶೇಷ ತರಬೇತಿ ಬೇಕಾಗುವುದರಿಂದ ಇದು ದೊಡ್ಡ ಕೇಂದ್ರಗಳಿಗೆ ಸೀಮಿತವಾಗಿದೆ.

ಸ್ಟೆಂಟ್. ಹೊದಿಕೆಯಿರುವ ಲೋಹದ ಬಲೆಯ ಕೊಳವೆಯನ್ನು ಕೆಲವು ವಾರ ಇರುಕಿನಲ್ಲಿ ಇರಿಸಿ ತೆಗೆಯಲಾಗುತ್ತದೆ. ಸ್ಪೇನಿನ 19 ಆಸ್ಪತ್ರೆಗಳಲ್ಲಿ 80 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷದವರೆಗೆ ಬೇರೆ ಚಿಕಿತ್ಸೆಯ ಅಗತ್ಯ ಬೀಳದವರು ಬಲೂನು ಗುಂಪಿನಲ್ಲಿ ಶೇ. 80, ಸ್ಟೆಂಟ್ ಗುಂಪಿನಲ್ಲಿ ಶೇ. 51. ಆದ್ದರಿಂದ ಬಲೂನೇ ಮೊದಲ ಆಯ್ಕೆಯಾಗಿ ಉಳಿದಿದೆ.

ಔಷಧ ಮತ್ತು ಶಸ್ತ್ರಚಿಕಿತ್ಸೆ

ಊತದ ಪಾಲು ಹೆಚ್ಚಿರುವಾಗ ಔಷಧವೇ ಮೊದಲು. ಫ್ರಾನ್ಸಿನಲ್ಲಿ, ಸಣ್ಣ ಕರುಳಿನ ಇರುಕಿನಿಂದ ತೊಂದರೆಯಿದ್ದ 97 ಕ್ರೋನ್ಸ್ ರೋಗಿಗಳಿಗೆ ಅಡಾಲಿಮುಮ್ಯಾಬ್ ಕೊಟ್ಟು ನಡೆಸಿದ ಅಧ್ಯಯನದಲ್ಲಿ ಆರು ತಿಂಗಳ ಹೊತ್ತಿಗೆ ಶೇ. 64ರಷ್ಟು ಮಂದಿಗೆ ಅನುಕೂಲವಾಗಿತ್ತು. ಇಂತಹ ಔಷಧಗಳನ್ನು ಆರಂಭಿಸುವ ಮೊದಲು ಎದೆಯ ಎಕ್ಸ್-ರೇ ಮತ್ತು ಚರ್ಮದ ಅಥವಾ ರಕ್ತದ ಪರೀಕ್ಷೆಯಿಂದ ಸುಪ್ತ ಕ್ಷಯ ಇದೆಯೇ ಎಂದು ನೋಡುವುದು ಕಡ್ಡಾಯ.

ಉದ್ದವಾದ ಇರುಕು, ಕೀವುಗೂಡು, ಕ್ಯಾನ್ಸರಿನ ಶಂಕೆ, ಪದೇ ಪದೇ ಹಿಗ್ಗಿಸಿಯೂ ಫಲ ಸಿಗದಿರುವುದು ಇವು ಶಸ್ತ್ರಚಿಕಿತ್ಸೆಗೆ ಕಾರಣಗಳು. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು ತುದಿಗಳನ್ನು ಜೋಡಿಸುವುದು ಸಾಮಾನ್ಯ ಕ್ರಮ. ಹಲವು ಇರುಕುಗಳಿದ್ದು ಎಲ್ಲವನ್ನೂ ಕತ್ತರಿಸಿದರೆ ಕರುಳೇ ಸಾಲದಾಗುವ ಸ್ಥಿತಿಯಲ್ಲಿ ಸ್ಟ್ರಿಕ್ಚರೋಪ್ಲಾಸ್ಟಿ ಮಾಡಲಾಗುತ್ತದೆ: ಇರುಕನ್ನು ಉದ್ದಕ್ಕೆ ಸೀಳಿ ಅಡ್ಡಕ್ಕೆ ಹೊಲಿಯುವುದರಿಂದ ಕರುಳಿನ ತುಂಡನ್ನು ಕಳೆದುಕೊಳ್ಳದೆ ದಾರಿ ಅಗಲವಾಗುತ್ತದೆ.

ಇತಿಹಾಸ

ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಕೆನೆಡಿ ಡಾಲ್ಜೀಲ್ 1913ರಲ್ಲಿ ಕ್ಷಯವನ್ನು ಹೋಲುವ, ಆದರೆ ಕ್ಷಯವಲ್ಲದ ಕರುಳಿನ ಉರಿಯೂತವನ್ನು ವರ್ಣಿಸಿದ್ದರು. 1932ರಲ್ಲಿ ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರಿಲ್ ಕ್ರೋನ್, ಲಿಯಾನ್ ಗಿನ್ಸ್‌ಬರ್ಗ್ ಮತ್ತು ಗಾರ್ಡನ್ ಆಪನ್‌ಹೈಮರ್ ಪ್ರಕಟಿಸಿದ ಲೇಖನದಿಂದ ಕಾಯಿಲೆಗೆ ಇಂದಿನ ಹೆಸರು ಬಂತು. ಹೀಗೆ ಆರಂಭದಿಂದಲೂ ಈ ರೋಗದ ಕಥೆ ಕ್ಷಯದ ಕಥೆಯೊಂದಿಗೆ ಹೆಣೆದುಕೊಂಡಿದೆ.

ಚಿಕಿತ್ಸೆಯಲ್ಲಿಯೂ ಹಾಗೆಯೇ ಆಯಿತು. 1977ರಲ್ಲಿ ಆರ್. ಎನ್. ಕಟಾರಿಯಾ ಮತ್ತು ಸಂಗಡಿಗರು ಭಾರತದಲ್ಲಿ ಕ್ಷಯದ ಇರುಕುಗಳಿಗೆ ಮಾಡಿದ ಸ್ಟ್ರಿಕ್ಚರೋಪ್ಲಾಸ್ಟಿಯ ಅನುಭವವನ್ನು ಬ್ರಿಟಿಷ್ ಜರ್ನಲ್ ಆಫ್ ಸರ್ಜರಿ ಎಂಬ ನಿಯತಕಾಲಿಕದಲ್ಲಿ ಪ್ರಕಟಿಸಿದರು. ಅದರಿಂದ ಪ್ರೇರಿತರಾಗಿ ಆಕ್ಸ್‌ಫರ್ಡಿನ ಇಮಾನ್ಯುಯಲ್ ಲೀ ಅದನ್ನು ಕ್ರೋನ್ಸ್ ಕಾಯಿಲೆಗೆ ಅಳವಡಿಸಿ 1982ರಲ್ಲಿ ವರದಿ ಮಾಡಿದರು. ಇಂದು ಜಗತ್ತಿನಾದ್ಯಂತ ಕ್ರೋನ್ಸ್ ರೋಗಿಗಳ ಕರುಳನ್ನು ಉಳಿಸುತ್ತಿರುವ ಈ ಶಸ್ತ್ರಚಿಕಿತ್ಸೆಯ ಬೇರು ಭಾರತದ ಕ್ಷಯರೋಗಿಗಳ ಚಿಕಿತ್ಸೆಯಲ್ಲಿದೆ.

ಎಂಡೋಸ್ಕೋಪಿಯ ಕಡೆ, 1957ರಲ್ಲಿ ಬೇಸಿಲ್ ಹಿರ್ಷೋವಿಟ್ಸ್ ಬಾಗುವ ಗಾಜಿನೆಳೆಯ ನಳಿಕೆಯನ್ನು ಪ್ರದರ್ಶಿಸಿದರು. 1969ರಲ್ಲಿ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ನ್ಯೂಯಾರ್ಕಿನಲ್ಲಿ ಕೊಲೊನೋಸ್ಕೋಪಿಯನ್ನು ಚಿಕಿತ್ಸೆಗೂ ಬಳಸತೊಡಗಿದರು. 1977ರಲ್ಲಿ ಆಂಡ್ರಿಯಾಸ್ ಗ್ರುಂಟ್‌ಸಿಗ್ ಹೃದಯದ ರಕ್ತನಾಳವನ್ನು ಬಲೂನಿನಿಂದ ತೆರೆದರು. ಅದೇ ತತ್ತ್ವವು 1980ರ ದಶಕದಲ್ಲಿ ಕರುಳಿನ ಇರುಕಿಗೂ ಬಂದಿತು.

ಕರ್ನಾಟಕದಲ್ಲಿ ಲಭ್ಯತೆ

ರಾಜ್ಯದಲ್ಲಿ ಈ ಚಿಕಿತ್ಸೆಗೆ ಬೇಕಾದ ಜಠರಗರುಳು ವಿಶೇಷ ವಿಭಾಗಗಳು ಬೆಂಗಳೂರು, ಮಣಿಪಾಲ, ಮಂಗಳೂರು ಮೊದಲಾದ ನಗರಗಳಲ್ಲಿ ಕೇಂದ್ರೀಕೃತವಾಗಿವೆ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಜಠರಗರುಳು ರೋಗಗಳಿಗೂ ಅಂಗಾಂಗ ಕಸಿಗೂ ಮೀಸಲಾದ ಸರ್ಕಾರಿ ಸಂಸ್ಥೆಯಿದೆ. ಗಡಿಯಾಚೆ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಮತ್ತು ಡಿ. ನಾಗೇಶ್ವರ ರೆಡ್ಡಿ ಅವರು ಹೈದರಾಬಾದಿನಲ್ಲಿ ಸ್ಥಾಪಿಸಿದ ಏಷ್ಯನ್ ಇನ್‌ಸ್ಟಿಟ್ಯೂಟ್ ಆಫ್ ಗ್ಯಾಸ್ಟ್ರೋಎಂಟರಾಲಜಿ ಈ ಕ್ಷೇತ್ರದಲ್ಲಿ ಹೆಸರಾದವು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮುರು ತಾಲ್ಲೂಕುಗಳಂತಹ ಕಡೆಯಿಂದ ನೋಡಿದಾಗ ಈ ಅಂತರದ ಅರ್ಥ ತಿಳಿಯುತ್ತದೆ. ಚಳ್ಳಕೆರೆಯಿಂದ ಜಿಲ್ಲಾಕೇಂದ್ರ ಸುಮಾರು 30 ಕಿಲೋಮೀಟರ್, ಬೆಂಗಳೂರು ಸುಮಾರು 200 ಕಿಲೋಮೀಟರ್. ಮೊಳಕಾಲ್ಮುರಿಗೆ ಚಿತ್ರದುರ್ಗಕ್ಕಿಂತ ಬಳ್ಳಾರಿಯೇ ಹತ್ತಿರ. ಒಂದು ಬಾರಿ ಹಿಗ್ಗಿಸಿಕೊಂಡು ಬಂದ ರೋಗಿ ಎರಡು ವರ್ಷಗಳಲ್ಲಿ ಮತ್ತೆ ಹೋಗಬೇಕಾಗುವ ಸಂಭವವೇ ಹೆಚ್ಚು. ಕೂಲಿಯನ್ನೋ ಮಗ್ಗವನ್ನೋ ನಂಬಿದ ಕುಟುಂಬಕ್ಕೆ ಪ್ರತಿ ಪ್ರಯಾಣವೂ ರೋಗಿ ಮತ್ತು ಜೊತೆಗೆ ಬರುವವರ ದುಡಿಮೆಯ ದಿನಗಳನ್ನು ಕಳೆಯುತ್ತದೆ. ಹೀಗಾಗಿ ಬಲೂನೋ ಶಸ್ತ್ರಚಿಕಿತ್ಸೆಯೋ ಎಂಬ ತೀರ್ಮಾನದಲ್ಲಿ, ಮರಳಿ ಬರಲು ಸಾಧ್ಯವೇ, ಕರುಳು ಕಟ್ಟಿದರೆ ಎಷ್ಟು ಹೊತ್ತಿನಲ್ಲಿ ಶಸ್ತ್ರವೈದ್ಯರಿರುವ ಆಸ್ಪತ್ರೆ ತಲುಪಬಹುದು ಎಂಬ ಪ್ರಶ್ನೆಗಳಿಗೂ ಸ್ಥಾನವಿದೆ. ಇವನ್ನು ವೈದ್ಯರೊಡನೆ ಬಿಚ್ಚಿ ಹೇಳುವುದು ರೋಗಿಯ ಹಕ್ಕು.

ಎಲ್ಲ ಕೆಲಸಕ್ಕೂ ದೊಡ್ಡ ನಗರಕ್ಕೆ ಹೋಗಬೇಕಾಗಿಲ್ಲ. ಕ್ಷಯದ ಪರೀಕ್ಷೆ ಮತ್ತು ಔಷಧ ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ರಕ್ತಹೀನತೆ, ತೂಕ ಮತ್ತು ಲಕ್ಷಣಗಳ ನಿಗಾವನ್ನು ಹತ್ತಿರದ ವೈದ್ಯರೇ ವಹಿಸಬಹುದು. ಹಿಂದಿನ ಎಂಡೋಸ್ಕೋಪಿ ವರದಿ, ಬಯಾಪ್ಸಿ ವರದಿ, ಸ್ಕ್ಯಾನಿನ ಸಿ.ಡಿ. ಮತ್ತು ಸೇವಿಸಿದ ಮಾತ್ರೆಗಳ ಚೀಟಿಗಳನ್ನು ಒಂದೇ ಕಡತದಲ್ಲಿ ಜೋಪಾನವಾಗಿಟ್ಟರೆ ಪ್ರತಿ ಆಸ್ಪತ್ರೆಯಲ್ಲಿಯೂ ಮೊದಲಿನಿಂದ ಆರಂಭಿಸುವುದು ತಪ್ಪುತ್ತದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸಾ ನೆರವಿದೆ. ವಿಶೇಷ ಚಿಕಿತ್ಸೆಗೆ ಸಾಮಾನ್ಯವಾಗಿ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕಾಗುವುದರಿಂದ, ಹೊರಡುವ ಮೊದಲೇ ಅದನ್ನು ಪಡೆದು, ಬೇಕಾದ ಚಿಕಿತ್ಸೆ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿಕೊಳ್ಳುವುದು ಒಳಿತು.

ಆಹಾರ

ಇರುಕು ಇರುವವರೆಗೆ ನಾರು ಹೆಚ್ಚಿರುವ, ಜೀರ್ಣವಾಗದೆ ಉಂಡೆಕಟ್ಟುವ ಪದಾರ್ಥಗಳು ದಾರಿಯಲ್ಲಿ ಸಿಕ್ಕಿಕೊಳ್ಳಬಹುದು. ಇಡಿಯ ಕಡಲೆಕಾಯಿ ಬೀಜ, ಹುರಿದ ಕಡಲೆ, ಮುಸುಕಿನ ಜೋಳದ ತೆನೆ, ಒಣಕೊಬ್ಬರಿಯ ತುಂಡು, ಕಿತ್ತಳೆಯ ತೊಳೆಯ ಸಿಪ್ಪೆ, ನುಗ್ಗೆಕಾಯಿಯ ನಾರು, ಸೊಪ್ಪಿನ ದಂಟು, ಹಣ್ಣಿನ ಬೀಜ ಮತ್ತು ಸಿಪ್ಪೆ ಈ ಗುಂಪಿಗೆ ಸೇರುತ್ತವೆ. ಕಡಲೆಕಾಯಿ ಬೆಳೆಯುವ ನಾಡಿನಲ್ಲಿ ಅದನ್ನು ಪೂರ್ತಿ ಬಿಡುವುದು ಕಷ್ಟ. ನುಣ್ಣಗೆ ಅರೆದ ರೂಪದಲ್ಲಿ ಸೇವಿಸಬಹುದೇ ಎಂದು ವೈದ್ಯರನ್ನು ಕೇಳಬಹುದು. ಮೆತ್ತಗೆ ಬೇಯಿಸಿದ ಅನ್ನ, ಸೋಸಿದ ಬೇಳೆಯ ಕಟ್ಟು, ಮೊಸರು, ಮೊಟ್ಟೆ, ಸಿಪ್ಪೆ ತೆಗೆದು ಬೇಯಿಸಿದ ತರಕಾರಿ ಸಾಮಾನ್ಯವಾಗಿ ಒಗ್ಗುತ್ತವೆ. ಮುದ್ದೆಯನ್ನು ಅಗಿಯದೆ ನುಂಗುವ ರೂಢಿ ಇರುವುದರಿಂದ ತುತ್ತು ಚಿಕ್ಕದಿರಬೇಕು. ಅದು ಒಗ್ಗುತ್ತದೆಯೇ ಎಂಬುದನ್ನು ಇರುಕಿನ ಬಿಗಿತ ನೋಡಿ ತೀರ್ಮಾನಿಸಬೇಕು. ಒಮ್ಮೆಗೆ ಹೊಟ್ಟೆ ತುಂಬ ಉಣ್ಣುವ ಬದಲು ಸ್ವಲ್ಪಸ್ವಲ್ಪವಾಗಿ ಹಲವು ಬಾರಿ ತಿನ್ನುವುದು ನೋವನ್ನು ತಗ್ಗಿಸುತ್ತದೆ. ದಾರಿ ತೆರೆದ ಬಳಿಕ ಈ ನಿರ್ಬಂಧಗಳನ್ನು ಹಂತಹಂತವಾಗಿ ಸಡಿಲಿಸಲಾಗುತ್ತದೆ, ಏಕೆಂದರೆ ದೀರ್ಘಕಾಲ ಪಥ್ಯದಲ್ಲಿಯೇ ಇರುವುದರಿಂದ ಪೋಷಕಾಂಶಗಳ ಕೊರತೆ ಉಂಟಾಗುತ್ತದೆ.

ಚಿಕಿತ್ಸೆಯ ನಂತರ

ಹಿಗ್ಗಿಸಿದ ಮೇಲೆ ನೋವು ನಿಂತಿತೆಂದು ಕ್ರೋನ್ಸ್ ರೋಗಿ ಔಷಧ ನಿಲ್ಲಿಸಿದರೆ ಉರಿಯೂತ ಮುಂದುವರಿದು ಅದೇ ಸ್ಥಳ ಮತ್ತೆ ಮುಚ್ಚಿಕೊಳ್ಳುತ್ತದೆ. ಕ್ಷಯರೋಗಿಯೂ ಅಷ್ಟೇ, ನಿಗದಿತ ಅವಧಿಯ ಮಾತ್ರೆಗಳನ್ನು ಪೂರ್ಣಗೊಳಿಸಬೇಕು. ಧೂಮಪಾನವನ್ನು ಬಿಡುವುದು ಅತ್ಯಗತ್ಯ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಮೊದಲಾದ ನೋವುನಿವಾರಕಗಳು ತಾವೇ ಕರುಳಿನಲ್ಲಿ ಹುಣ್ಣು ಮತ್ತು ಇರುಕು ಉಂಟುಮಾಡಬಲ್ಲವಾದ್ದರಿಂದ ಅವುಗಳನ್ನು ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು. ಊಟದ ನಂತರದ ಹಿಂಡುವ ನೋವು ಪುನಃ ಕಾಣಿಸಿಕೊಂಡರೆ, ಕರುಳು ಪೂರ್ತಿ ಕಟ್ಟುವವರೆಗೆ ಕಾಯದೆ ತಪಾಸಣೆಗೆ ಹೋಗಬೇಕು. ಇರುಕು ಮತ್ತೆ ಬಿಗಿಯುತ್ತಿರುವಾಗಲೇ ಬಂದ ರೋಗಿಗೆ ಬಲೂನಿನ ಆಯ್ಕೆ ಉಳಿದಿರುತ್ತದೆ. ಪೂರ್ತಿ ಕಟ್ಟಿದ ಮೇಲೆ ಬಂದವರಿಗೆ ಹೆಚ್ಚಾಗಿ ಶಸ್ತ್ರಚಿಕಿತ್ಸೆಯೊಂದೇ ದಾರಿ.